ಮಂದ ಎಣ್ಣೆಯೋ, ತೆಳು ಎಣ್ಣೆಯೋ? ಹಳೆಯ ರ‍್ಯಾಲಿ ಕಾರಿನ ಇಂಜಿನ್ ಎಣ್ಣೆಯ ಮೂಲಕ ‘ಘರ್ಷಣೆ’ ಪಾಠ

ಪೀಠಿಕೆ

ಎಂಟನೇ ತರಗತಿಯ ವಿಜ್ಞಾನದಲ್ಲಿ ‘ಘರ್ಷಣೆ’ ಘಟಕವನ್ನು ಬೋಧಿಸುವಾಗ ‘ಕೀಲೆಣ್ಣೆಯು ಘರ್ಷಣೆಯನ್ನು ಕಡಿಮೆ ಮಾಡುತ್ತದೆ’ ಎಂಬ ವಾಕ್ಯವನ್ನು ಮಕ್ಕಳು ಬಹು ಬೇಗ ಬಾಯಿಪಾಠ ಮಾಡುತ್ತಾರೆ. ಯಾವ ಎಣ್ಣೆ, ಯಾವ ಇಂಜಿನ್‌ಗೆ, ಏಕೆ ಎಂದು ಕೇಳಿದರೆ ಆ ವಾಕ್ಯ ಅಲ್ಲಿಗೇ ನಿಲ್ಲುತ್ತದೆ. ಆದರೆ ಆ ಪ್ರಶ್ನೆಗೆ ಮಕ್ಕಳ ಮನೆಗಳಲ್ಲಿ ಉತ್ತರಗಳಿವೆ. ಟ್ರ್ಯಾಕ್ಟರ್, ಪಂಪ್‌ಸೆಟ್, ಬೈಕ್, ಟಂಟಂ ಇರುವ ಮನೆಯಲ್ಲಿ ಎಣ್ಣೆಯ ಮಾತು ದಿನನಿತ್ಯದ್ದು. ಆ ಉತ್ತರಗಳನ್ನು ತರಗತಿಯೊಳಗೆ ತಂದು ಪರೀಕ್ಷಿಸಿದರೆ ಪಾಠ ಹೇಗಾಗುತ್ತದೆ ಎಂಬುದನ್ನು ಈ ಲೇಖನದಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಕೊಟ್ಟೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ಮೂರು ಪೀರಿಯಡ್‌ಗಳಲ್ಲಿ ನಡೆಸಿದ ಪಾಠವಿದು.

ಸಮಸ್ಯೆ ಎಲ್ಲಿಂದ ಬಂತು?

ಪಾಠಕ್ಕೆ ಮುನ್ನ ಮಕ್ಕಳ ಪೂರ್ವಜ್ಞಾನ ತಿಳಿಯಲು ಮೂರು ಪ್ರಶ್ನೆ ಕೊಟ್ಟಿದ್ದೆ: ಎಣ್ಣೆ ಒಳ್ಳೆಯದೋ ಅಲ್ಲವೋ ಎಂದು ಹೇಗೆ ಗುರುತಿಸುತ್ತೀರಿ? ಹಳೆಯ ಇಂಜಿನ್‌ಗೆ ಎಂಥ ಎಣ್ಣೆ ಬೇಕು? ಎಣ್ಣೆ ಕೆಟ್ಟಿದೆ ಎಂದು ಯಾವಾಗ ಹೇಳಬಹುದು? ಹೆಚ್ಚಿನ ಉತ್ತರಗಳು ಮೂರು ಮಾತಿನ ಸುತ್ತಲೇ ಇದ್ದವು. ‘ಬೆರಳಿಗೆ ಮಂದ ಹತ್ತಿದರೆ ಒಳ್ಳೆ ಎಣ್ಣೆ’, ‘ಹಳೇ ಇಂಜಿನ್‌ಗೆ ಮಂದ ಎಣ್ಣೆ ಹಾಕಬೇಕು’, ‘ಕರ‍್ರಗಾದರೆ ಕೆಟ್ಟಿತು’.

ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ಉತ್ತರ ಬರೆಯದೆ ಒಂದು ಪ್ರಶ್ನೆ ಬರೆದಿದ್ದ. ಅವನ ಸೋದರಮಾವ ಗ್ಯಾರೇಜ್ ಮೇಸ್ತ್ರಿ. ಆ ಗ್ಯಾರೇಜಿಗೆ ಹಳೆಯ ಪ್ರೀಮಿಯರ್ ಪದ್ಮಿನಿ ಕಾರೊಂದು ಬಂದಿತ್ತು. ಒಂದು ಕಾಲಕ್ಕೆ ರ‍್ಯಾಲಿಗೆ ಸಜ್ಜುಗೊಳಿಸಿದ್ದ ಕಾರು ಅದು. ಇಂಜಿನ್ ಬಿಚ್ಚಿ, ಕ್ಯಾಮ್ ಶಾಫ್ಟ್ ಸಾಣೆ ಹಿಡಿಸಿ, ಹೊಸ ಬೇರಿಂಗ್ ಹಾಕಿ ಜೋಡಿಸಿದ್ದರು. ಎಣ್ಣೆ ತುಂಬುವುದೊಂದೇ ಬಾಕಿ. ‘ನಮ್ಮ ಮಾಮ 40 ನಂಬರ್ ಹಾಕ್ಬೇಕು ಅಂತಾನೆ. ಕಾರಿನೋರು 20-50 ಹಾಕು ಅಂತಾರೆ. ಯಾವುದು ಸರಿ ಸರ್?’ ಇದು ಅವನ ಪ್ರಶ್ನೆ. ತರಗತಿಯಲ್ಲಿ ಅಷ್ಟಾಗಿ ಮಾತನಾಡದ ಹುಡುಗ ಅವನು. ತಪ್ಪು ಎಣ್ಣೆ ಬಿದ್ದರೆ ಸಾಣೆ ಹಿಡಿಸಿದ ಕ್ಯಾಮ್ ಮತ್ತೆ ಸವೆಯುತ್ತದೆ, ಖರ್ಚು ಮಾವನ ತಲೆಯ ಮೇಲೆ ಬರುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಈ ಪ್ರಶ್ನೆಯನ್ನೇ ಪಾಠದ ಕೇಂದ್ರ ಸಮಸ್ಯೆಯಾಗಿ ಇಟ್ಟುಕೊಂಡೆ.

ಕಾರಿನ ಬಗ್ಗೆ ಶಿಕ್ಷಕರಿಗೆ ಎರಡು ಮಾತು. ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಫಿಯೆಟ್ 1100 ಡಿಲೈಟ್ ಹೆಸರಿನಲ್ಲಿ 1964ರಿಂದ ತಯಾರಿಸಿದ ಕಾರೇ ಮುಂದೆ ಪದ್ಮಿನಿಯಾಯಿತು. ನಮ್ಮ ಕಡೆ ಈಗಲೂ ಅದು ‘ಫಿಯೆಟ್’ ಎಂದೇ ಪರಿಚಿತ. ಕಟ್ಟುನಿಟ್ಟಾದ ಅರ್ಥದಲ್ಲಿ ಅದು ಸ್ಪೋರ್ಟ್ಸ್ ಕಾರಲ್ಲ. ಆದರೆ ಆಗಿನ ದಿನಗಳಲ್ಲಿ ನಮ್ಮ ದೇಶದ ರ‍್ಯಾಲಿಗಳಲ್ಲಿ ಓಡಿದ್ದು ಇಂಥ ಸಜ್ಜುಗೊಳಿಸಿದ ಫಿಯೆಟ್‌ಗಳೇ. ಇದರ 1089 ಸಿ.ಸಿ. ಇಂಜಿನ್‌ನಲ್ಲಿ ಕ್ಯಾಮ್‌ನ ಉಬ್ಬು ನೇರವಾಗಿ ಚಪ್ಪಟೆ ಟ್ಯಾಪೆಟ್‌ನ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಉರುಳುವ ಘರ್ಷಣೆ ಇಲ್ಲಿಲ್ಲ, ಜಾರುವ ಘರ್ಷಣೆ ಇದೆ. ಎಣ್ಣೆಯ ಆಯ್ಕೆ ಇಂಥ ಇಂಜಿನ್‌ಗೆ ಮುಖ್ಯವಾಗುವುದು ಇದರಿಂದಲೇ.

ಕಲಿಕಾ ಫಲಗಳು

1. ತರಲ ಘರ್ಷಣೆ ಮತ್ತು ಸ್ನಿಗ್ಧತೆಯನ್ನು ಸ್ವಂತ ವೀಕ್ಷಣೆಯ ಆಧಾರದ ಮೇಲೆ ವಿವರಿಸುವರು.
2. ತಾಪ ಏರಿದಂತೆ ಎಣ್ಣೆಯ ಸ್ನಿಗ್ಧತೆ ಹೇಗೆ ಬದಲಾಗುತ್ತದೆ ಎಂಬುದನ್ನು ಅಳೆದು ದಾಖಲಿಸುವರು.
3. ಒಂದು ಪರೀಕ್ಷೆ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಎಂದು ವಿಂಗಡಿಸುವರು.

ಮೂರನೆಯದನ್ನು ಪಠ್ಯಪುಸ್ತಕದಿಂದ ಎತ್ತಿಕೊಂಡಿಲ್ಲ. ಆದರೆ ಈ ಪಾಠದ ಜೀವಾಳ ಅದೇ.

ಮೊದಲ ಅವಧಿ: ಕೀಲಿನಿಂದ ಇಂಜಿನ್‌ಗೆ

ತೊಡಗಿಸಿಕೊಳ್ಳುವ ಹಂತವನ್ನು ‘ಕೀಲೆಣ್ಣೆ’ ಎಂಬ ಪದದಿಂದಲೇ ಆರಂಭಿಸಿದೆ. ಬಂಡಿಯ ಗಾಲಿಗೆ ಹಿಂದೆ ಯಾವ ಎಣ್ಣೆ ಹಾಕುತ್ತಿದ್ದರು ಎಂದು ಮನೆಯ ಹಿರಿಯರನ್ನು ಕೇಳಿಕೊಂಡು ಬರಲು ಹೇಳಿದ್ದೆ. ಔಡಲೆಣ್ಣೆ ಎಂಬ ಉತ್ತರ ಹಲವರಿಂದ ಬಂತು. ಅದೇ ಔಡಲೆಣ್ಣೆಯನ್ನು ಮೊದಲ ಮಹಾಯುದ್ಧದ ವಿಮಾನಗಳ ಇಂಜಿನ್‌ಗಳಿಗೂ ಆರಂಭದ ರೇಸ್ ಕಾರುಗಳಿಗೂ ಹಾಕುತ್ತಿದ್ದರು, ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಔಡಲೆಣ್ಣೆಯ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದ ಎಂದಾಗ ತರಗತಿ ಎದ್ದು ಕೂತಿತು. ‘ಹಂಗಾದ್ರೆ ಈಗ ಯಾಕೆ ಹಾಕಲ್ಲ?’ ಎಂದು ಒಬ್ಬಳು ಕೇಳಿದಳು. ಬಿಸಿಯಲ್ಲೂ ಲೋಹಕ್ಕೆ ಚೆನ್ನಾಗಿ ಅಂಟುವುದು ಅದರ ಗುಣ, ಕಾಲ ಕಳೆದಂತೆ ಅಂಟಂಟಾಗಿ ಗಟ್ಟಿಯಾಗುವುದು ಅದರ ದೋಷ. ಎಣ್ಣೆಯ ಒಂದು ಗುಣವನ್ನಷ್ಟೇ ನೋಡಿ ತೀರ್ಮಾನಿಸಬಾರದು ಎಂಬ ಸೂಚನೆ ಇಲ್ಲಿಯೇ ಸಿಕ್ಕಿತು.

ಬಳಿಕ ಮೂರು ಹೊಸ ಎಣ್ಣೆಗಳನ್ನು ಮೇಜಿನ ಮೇಲಿಟ್ಟೆ. ಒಂದು ಎಸ್‌ಎಇ 40, ಅಂದರೆ ಮೇಸ್ತ್ರಿಗಳ ಬಾಯಲ್ಲಿ ‘40 ನಂಬರ್’. ಎರಡನೆಯದು 20ಡಬ್ಲ್ಯು-40. ಮೂರನೆಯದು 20ಡಬ್ಲ್ಯು-50. ಹೆಸರು ಮುಚ್ಚಿ ಅ, ಆ, ಇ ಎಂದು ಚೀಟಿ ಅಂಟಿಸಿದ್ದೆ. ಪ್ರತಿ ಮಗುವೂ ಒಂದೊಂದು ಹನಿಯನ್ನು ಬೆರಳಲ್ಲಿ ಉಜ್ಜಿ ಯಾವುದು ಮಂದ ಎಂದು ಬರೆಯಬೇಕು. ಎಲ್ಲಕ್ಕಿಂತ ತೆಳು ಯಾವುದು ಎಂಬುದರಲ್ಲಿ ಹೆಚ್ಚಿನವರು ಒಪ್ಪಿದರು. ಉಳಿದೆರಡರಲ್ಲಿ ಯಾವುದು ಮಂದ ಎಂಬಲ್ಲಿ ತರಗತಿ ಎರಡು ಪಾಲಾಯಿತು. ಈ ಜಗಳವನ್ನು ನಾನು ಬಿಡಿಸಲಿಲ್ಲ. ಮುಂದಿನ ಅವಧಿಗೆ ಅದೇ ಪ್ರೇರಣೆಯಾಯಿತು.

ಎರಡನೇ ಅವಧಿ: ಹರಿವಿನ ಪರೀಕ್ಷೆ

ತರಗತಿಯನ್ನು ಐದು ಗುಂಪು ಮಾಡಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಹೆಸರಿಟ್ಟೆ. ಪ್ರತಿ ಗುಂಪಿಗೆ ಸೂಜಿ ಇಲ್ಲದ 20 ಮಿ.ಲೀ. ಸಿರಿಂಜ್‌ನ ಹೊರಕೊಳವೆ, ಒಂದು ಲೋಟ, ಸೆಕೆಂಡ್ ತೋರಿಸುವ ಗಡಿಯಾರ. ಕೊಳವೆಯ ಬಾಯನ್ನು ಬೆರಳಿನಿಂದ ಮುಚ್ಚಿ, 20ರ ಗೆರೆಯವರೆಗೆ ಎಣ್ಣೆ ತುಂಬಿ, ಬೆರಳು ತೆಗೆದ ಕ್ಷಣದಿಂದ ಎಣ್ಣೆ ಖಾಲಿಯಾಗುವವರೆಗೆ ಸಮಯ ಅಳೆಯಬೇಕು. ಪ್ರತಿ ಎಣ್ಣೆಗೂ ಮೂರು ಬಾರಿ ಅಳೆದು ಸರಾಸರಿ ತೆಗೆಯಬೇಕು. ಕೋಣೆಯ ತಾಪ 32 ಡಿಗ್ರಿ ಸೆಲ್ಸಿಯಸ್ ಇತ್ತು.

ಹಡಗಲಿ ಗುಂಪಿನ ಒಂದು ಅಳತೆ ಉಳಿದವರದಕ್ಕಿಂತ ತೀರ ಹೆಚ್ಚು ಬಂತು. ಕೊಳವೆಯ ಬಾಯಲ್ಲಿ ಗಾಳಿಗುಳ್ಳೆ ನಿಂತಿದ್ದನ್ನು ಹರಪನಹಳ್ಳಿ ಗುಂಪಿನವರು ಕಂಡುಹಿಡಿದರು. ಆ ಅಳತೆಯನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬ ಚರ್ಚೆ ನಡೆದು, ಮತ್ತೆ ಅಳೆಯುವುದೆಂದು ಮಕ್ಕಳೇ ತೀರ್ಮಾನಿಸಿದರು. ಪ್ರಾಯೋಗಿಕ ದೋಷ ಎಂಬ ಪರಿಕಲ್ಪನೆಯನ್ನು ಪ್ರತ್ಯೇಕವಾಗಿ ಬೋಧಿಸುವ ಅಗತ್ಯ ಬೀಳಲಿಲ್ಲ.

ಬಿಸಿ ಎಣ್ಣೆಯ ಪರೀಕ್ಷೆಯನ್ನು ಪ್ರಾತ್ಯಕ್ಷಿಕೆಯಾಗಿ ನಾನೇ ಮಾಡಿದೆ. ತಗಡಿನ ಡಬ್ಬಿಯ ತಳಕ್ಕೆ ತೂತು ಮಾಡಿ, ಸಿರಿಂಜ್ ಕೊಳವೆಯ ತುದಿ ಹೊರಬರುವಂತೆ ಕೂರಿಸಿ ಎಂ-ಸೀಲ್ ಹಚ್ಚಿದ್ದೆ. ಬಿಸಿಯೂಟದ ಅಡುಗೆಮನೆಯಿಂದ ಫ್ಲಾಸ್ಕಿನಲ್ಲಿ ತಂದ ಬಿಸಿನೀರನ್ನು ಡಬ್ಬಿಗೆ ಸುರಿದಾಗ ಕೊಳವೆಯ ಸುತ್ತ ನೀರು ನಿಲ್ಲುತ್ತದೆ. ಕೊಳವೆಯ ತುದಿಗೆ ರಬ್ಬರ್ ಬಿರಡೆ. ಎಣ್ಣೆಯೊಳಗಿನ ತಾಪಮಾಪಕ 75 ಡಿಗ್ರಿ ತೋರಿಸಿದಾಗ ಬಿರಡೆ ತೆಗೆದೆ. ಐದೂ ಗುಂಪಿನ ಒಬ್ಬೊಬ್ಬರು ಏಕಕಾಲಕ್ಕೆ ಸಮಯ ಅಳೆದರು. ಎಣ್ಣೆಯನ್ನು ಒಲೆಯ ಮೇಲೆ ನೇರವಾಗಿ ಕಾಯಿಸುವುದನ್ನು ಯಾರೂ ಮಾಡಬಾರದು.

ಐದು ಗುಂಪುಗಳ ಸರಾಸರಿ ಹೀಗಿತ್ತು:

ಎಸ್‌ಎಇ 40: 32 ಡಿಗ್ರಿಯಲ್ಲಿ 116 ಸೆಕೆಂಡ್, 75 ಡಿಗ್ರಿಯಲ್ಲಿ 16 ಸೆಕೆಂಡ್.
20ಡಬ್ಲ್ಯು-40: 32 ಡಿಗ್ರಿಯಲ್ಲಿ 91 ಸೆಕೆಂಡ್, 75 ಡಿಗ್ರಿಯಲ್ಲಿ 15 ಸೆಕೆಂಡ್.
20ಡಬ್ಲ್ಯು-50: 32 ಡಿಗ್ರಿಯಲ್ಲಿ 127 ಸೆಕೆಂಡ್, 75 ಡಿಗ್ರಿಯಲ್ಲಿ 19 ಸೆಕೆಂಡ್.

ಕಪ್ಪುಹಲಗೆಯ ಮೇಲೆ ಈ ಅಂಕಿಗಳನ್ನು ಬರೆದು ಸುಮ್ಮನೆ ನಿಂತೆ. ಕೂಡ್ಲಿಗಿ ಗುಂಪಿನ ಹುಡುಗಿಯೊಬ್ಬಳು ಮೊದಲು ಎದ್ದು, ‘ತಣ್ಣಗಿದ್ದಾಗ 40 ನಂಬರ್ ಎಣ್ಣೆ 20-40ಕ್ಕಿಂತ ಬಾಳ ಮಂದ ಐತೆ ಸರ್. ಬಿಸಿ ಮಾಡಿದ್ರೆ ಎರಡೂ ಹೆಚ್ಚುಕಮ್ಮಿ ಒಂದೇ’ ಎಂದಳು. ನಾನು ಕೇಳಿದ್ದು ಒಂದೇ ಪ್ರಶ್ನೆ: ಕಾರು ಓಡುವಾಗ ಎಣ್ಣೆ ಬೆರಳಿನಷ್ಟು ಬೆಚ್ಚಗಿರುತ್ತದೆಯೋ, ಬಿಸಿನೀರಿಗಿಂತ ಬಿಸಿ ಇರುತ್ತದೆಯೋ? ಪೂರ್ತಿ ಕಾದ ಇಂಜಿನ್‌ನಲ್ಲಿ ಎಣ್ಣೆ 100 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಬೆರಳು ಅಳೆಯುವುದು ತಣ್ಣಗಿನ ಎಣ್ಣೆಯನ್ನು. ಬೇರಿಂಗ್‌ಗೆ ಸಿಗುವುದು ಬಿಸಿ ಎಣ್ಣೆ.

ವಿವರಣೆ: ಡಬ್ಬಿಯ ಮೇಲಿನ ಅಂಕಿಗಳು

ಈ ಹಂತದಲ್ಲಿ ಡಬ್ಬಿಗಳನ್ನು ತೆರೆದಿಟ್ಟೆ. ‘20ಡಬ್ಲ್ಯು-50 ಅಂದರೆ ತಣ್ಣಗಿದ್ದಾಗ 20ರಷ್ಟು ಮಂದ, ಬಿಸಿಯಾದಾಗ 50ರಷ್ಟು ಮಂದ ಆಗುತ್ತೆ’ ಎಂಬ ಮಾತನ್ನು ಹಲವರು ಕೇಳಿದ್ದರು. ಗ್ಯಾರೇಜ್‌ಗಳಲ್ಲಿ ಅಷ್ಟೇ ಅಲ್ಲ, ಪದವಿ ಓದಿದವರಲ್ಲೂ ಈ ತಪ್ಪುಕಲ್ಪನೆ ಇದೆ. 127 ಸೆಕೆಂಡ್ ತೆಗೆದುಕೊಂಡಿದ್ದ ಎಣ್ಣೆ ಬಿಸಿಯಾದಾಗ 19 ಸೆಕೆಂಡಿಗೆ ಇಳಿದದ್ದನ್ನು ಮಕ್ಕಳು ತಾವೇ ಅಳೆದಿದ್ದರಿಂದ ‘ಬಿಸಿಯಾದರೆ ಮಂದವಾಗುತ್ತದೆ’ ಎಂಬುದನ್ನು ನಾನು ಖಂಡಿಸಬೇಕಾಗಲಿಲ್ಲ. ಯಾವ ಎಣ್ಣೆಯಾದರೂ ಬಿಸಿಯಾದರೆ ತೆಳುವಾಗುತ್ತದೆ. ಬಹುದರ್ಜೆ ಎಣ್ಣೆ ಕಡಿಮೆ ತೆಳುವಾಗುತ್ತದೆ, ಅಷ್ಟೇ.

ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಕೊರೆಯುವ ಚಳಿಯಲ್ಲಿ ಎಣ್ಣೆ ಹರಿಯುತ್ತದೆಯೇ ಎಂಬ ಪರೀಕ್ಷೆಗೆ ಸಂಬಂಧಿಸಿದ್ದು. 20ಡಬ್ಲ್ಯು ದರ್ಜೆಯ ಎಣ್ಣೆಯನ್ನು ಪಂಪ್ ಎಳೆದುಕೊಳ್ಳಬಲ್ಲದೇ ಎಂದು ನೋಡುವುದು ಸೊನ್ನೆಗಿಂತ 20 ಡಿಗ್ರಿ ಕೆಳಗೆ. 5ಡಬ್ಲ್ಯು ಆದರೆ 35 ಡಿಗ್ರಿ ಕೆಳಗೆ. ನಮ್ಮ ಐದು ತಾಲ್ಲೂಕುಗಳಲ್ಲಿ ಬೇಸಿಗೆ 40 ಡಿಗ್ರಿ ಮುಟ್ಟುತ್ತದೆ, ಚಳಿಗಾಲದಲ್ಲೂ ನೀರು ಹೆಪ್ಪುಗಟ್ಟುವುದಿಲ್ಲ. ಆದ್ದರಿಂದ ಹಳೆಯ ಇಂಜಿನ್‌ನ ಮಟ್ಟಿಗೆ ಇಲ್ಲಿ 20ಡಬ್ಲ್ಯು ಸಾಕು. ಎರಡನೇ ಅಂಕಿ 100 ಡಿಗ್ರಿಯಲ್ಲಿನ ಸ್ನಿಗ್ಧತೆಯದು. 40ರ ದರ್ಜೆಗೆ ಅದು 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗೆ, 50ರ ದರ್ಜೆಗೆ 16.3ರಿಂದ 21.9ರ ಒಳಗೆ ಇರಬೇಕು. ಎಂಟನೇ ತರಗತಿಗೆ ಈ ಮಾನದ ಹೆಸರು ಬೇಕಿಲ್ಲ. ‘ನಾವು 75ರಲ್ಲಿ ಅಳೆದೆವು, ಕಂಪನಿಯವರು 100ರಲ್ಲಿ ಅಳೆಯುತ್ತಾರೆ’ ಎಂದರೆ ಸಾಕು.

ಇಷ್ಟಾದ ಮೇಲೆ ಮಂದ ಎಣ್ಣೆಯೇ ಒಳ್ಳೆಯದೋ ಎಂಬ ಮೊದಲ ಪ್ರಶ್ನೆಗೆ ಮರಳಿದೆವು. ಎಣ್ಣೆ ತೀರ ತೆಳುವಾದರೆ ಬೇರಿಂಗ್‌ನಲ್ಲಿ ಎಣ್ಣೆಯ ಪದರ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ತೀರ ಮಂದವಾದರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕ್ಯಾಮ್‌ವರೆಗೆ ಎಣ್ಣೆ ತಲುಪಲು ತಡವಾಗುತ್ತದೆ. ಜೊತೆಗೆ ತರಲ ಘರ್ಷಣೆ ಹೆಚ್ಚಿ ಪೆಟ್ರೋಲ್ ವ್ಯರ್ಥವಾಗುತ್ತದೆ. 20ಡಬ್ಲ್ಯು-40ರ ಎದುರಿಗಿಟ್ಟು ನೋಡಿದರೆ 40 ನಂಬರ್ ಎಣ್ಣೆಯ ಮಂದತನವೆಲ್ಲ ಅದು ಬೇಡವಾದ ತಣ್ಣಗಿನ ಹೊತ್ತಿನಲ್ಲಿದೆ, ಬೇಕಾದ ಬಿಸಿಯಲ್ಲಿ ಇಲ್ಲ. 20ಡಬ್ಲ್ಯು-50 ತಣ್ಣಗಿದ್ದಾಗ 40 ನಂಬರ್‌ಗಿಂತ ಸ್ವಲ್ಪವೇ ಮಂದ. ಬಿಸಿಯಲ್ಲಿ ಹರಿಯಲು ಸುಮಾರು ಐದನೇ ಒಂದು ಪಾಲು ಹೆಚ್ಚು ಸಮಯ ಹಿಡಿಯುತ್ತದೆ. ಈ ತರ್ಕವನ್ನು ಅಂಕಿಗಳಿಂದ ಕಟ್ಟಿದವರು ಮಕ್ಕಳು.

ಆಗ ಆ ಹಿಂದಿನ ಬೆಂಚಿನ ಹುಡುಗ ಎದ್ದುನಿಂತ. ‘ಹಂಗಾದ್ರೆ ನಮ್ಮ ಮಾಮ ಬೆರಳಾಗ ಹಿಡಿದು ನೋಡಾದು ಸುಳ್ಳಾ ಸರ್?’

ಪಾಠಯೋಜನೆಯಲ್ಲಿ ಈ ಪ್ರಶ್ನೆಗೆ ಜಾಗ ಇರಲಿಲ್ಲ, ಆದರೆ ಇಡೀ ಪಾಠ ನಿಂತಿದ್ದು ಇದರ ಮೇಲೆ. ಹೌದು ಎಂದರೆ ಆ ಹುಡುಗನ ಮನೆಯ ವಿದ್ಯೆಯನ್ನು ತರಗತಿಯ ಎದುರು ಕಡೆಗಣಿಸಿದಂತೆ. ಇಲ್ಲ ಎಂದರೆ ಅವರೇ ಅಳೆದ ಅಂಕಿಗಳಿಗೆ ಬೆಲೆ ಇಲ್ಲದಂತೆ. ‘ಬೆರಳಿನಿಂದ ಮಾಮ ಏನೇನು ಪತ್ತೆ ಹಚ್ಚುತ್ತಾರೆ, ಪಟ್ಟಿ ಮಾಡಿಕೊಂಡು ಬಾ. ಸಾಧ್ಯವಾದರೆ ಅವರನ್ನೂ ಕರೆದುಕೊಂಡು ಬಾ’ ಎಂದೆ.

ಮೂರನೇ ಅವಧಿ: ಮೇಸ್ತ್ರಿಯೂ ಕಾಗದವೂ

ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಮೇಸ್ತ್ರಿಯವರನ್ನು ಸಂಪನ್ಮೂಲ ವ್ಯಕ್ತಿಯಾಗಿ ಆಹ್ವಾನಿಸಿದೆ. ಅವರು ಬಂದು ಬಳಸಿದ ಎಣ್ಣೆಯ ಮೇಲೆ ಬೆರಳು ಏನು ಹೇಳುತ್ತದೆ ಎಂದು ವಿವರಿಸಿದರು. ಉಜ್ಜಿದಾಗ ಮರಳಿನಂತೆ ಚುಚ್ಚಿದರೆ ಲೋಹದ ಪುಡಿ ಅಥವಾ ಧೂಳು. ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ ಎಣ್ಣೆಗೆ ಪೆಟ್ರೋಲ್ ಇಳಿದಿದೆ. ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ನಮ್ಮ ಸಿರಿಂಜ್‌ಗೆ ಈ ಮೂರೂ ತಿಳಿಯುವುದಿಲ್ಲ. ಬಿಸಿಯಲ್ಲಿ ಎಣ್ಣೆ ಎಷ್ಟು ತೆಳುವಾಗುತ್ತದೆ ಎಂಬುದು ಬೆರಳಿಗೆ ತಿಳಿಯುವುದಿಲ್ಲ. ಹುಡುಗನ ಪ್ರಶ್ನೆಗೆ ಉತ್ತರ ಅವನ ಮಾವನ ಬಾಯಿಂದಲೇ, ತರಗತಿಯ ಅಂಕಿಗಳ ಎದುರಿಗೇ ಬಂತು. ಮೇಸ್ತ್ರಿ ಕಪ್ಪುಹಲಗೆಯ ಅಂಕಿಗಳನ್ನು ಬಹಳ ಹೊತ್ತು ನೋಡಿ, ‘ಬಿಸಿ ಎಣ್ಣೇನ ಅಳತೆ ಮಾಡಿ ನೋಡಿರಲಿಲ್ಲ ಬಿಡ್ರಿ’ ಎಂದರು.

ಬಳಿಕ ಮೂರನೇ ನಂಬಿಕೆಯಾದ ‘ಕರ‍್ರಗಾದರೆ ಕೆಟ್ಟಿತು’ ಎಂಬುದನ್ನು ಪರೀಕ್ಷಿಸಿದೆವು. ಮೇಸ್ತ್ರಿ ಎರಡು ಬಳಸಿದ ಎಣ್ಣೆ ತಂದಿದ್ದರು. ಒಂದು, ಎಣ್ಣೆ ಬದಲಿಸಿ ಕೆಲವೇ ದಿನಗಳಾಗಿದ್ದ ಡೀಸೆಲ್ ಗಾಡಿಯದು. ಕಾಡಿಗೆಯಷ್ಟು ಕಪ್ಪು. ಇನ್ನೊಂದು, ಪದ್ಮಿನಿಯಿಂದ ಇಳಿಸಿದ ಹಳೆಯ ಎಣ್ಣೆ. ಕಂದು ಬಣ್ಣ. ಕೆಟ್ಟಿದ್ದು ಯಾವುದು ಎಂದರೆ ತರಗತಿ ಒಕ್ಕೊರಲಿನಿಂದ ಡೀಸೆಲ್ ಗಾಡಿಯದು ಎಂದಿತು. ಸೋಸುಕಾಗದದ ಮೇಲೆ ಒಂದೊಂದು ಹನಿ ಬಿಟ್ಟು, ಕಾಗದದ ಕೆಳಗೆ ಗಾಳಿಯಾಡುವಂತೆ ಲೋಟದ ಬಾಯ ಮೇಲಿಟ್ಟು ಮರುದಿನದವರೆಗೆ ಬಿಟ್ಟೆವು. ಡೀಸೆಲ್ ಗಾಡಿಯ ಹನಿ ನಡುವಿನಿಂದ ಅಂಚಿನವರೆಗೆ ಒಂದೇ ಸಮನಾಗಿ ಬೂದು ಬಣ್ಣಕ್ಕೆ ಹರಡಿತ್ತು. ಪದ್ಮಿನಿಯ ಎಣ್ಣೆಯಲ್ಲಿ ನಡುವೆ ಕಪ್ಪು ಬೊಟ್ಟು, ಅದಕ್ಕೆ ಗಡುಸಾದ ಅಂಚು, ಹೊರಗೆ ಬರಿಯ ಎಣ್ಣೆಯ ಜಿಡ್ಡು. ಮೊದಲನೆಯದು ಕಪ್ಪಾಗಿದ್ದರೂ ಮಸಿಯನ್ನು ತೇಲಿಸಿ ಹಿಡಿದಿಟ್ಟಿದೆ, ಅಂದರೆ ತನ್ನ ಕೆಲಸ ಮಾಡುತ್ತಿದೆ. ಎರಡನೆಯದು ಕೊಳೆಯನ್ನು ಹಿಡಿದಿಡುವ ಶಕ್ತಿ ಕಳೆದುಕೊಂಡಿದೆ. ಬಣ್ಣ ನೋಡಿ ಕೊಟ್ಟ ತೀರ್ಪು ಕಾಗದದ ಮೇಲೆ ತಲೆಕೆಳಗಾಯಿತು.

ಬಳಸಿದ ಎಣ್ಣೆ ಚರ್ಮಕ್ಕೆ ಹಾನಿಕರ. ಆದ್ದರಿಂದ ಅದನ್ನು ಮಕ್ಕಳು ಮುಟ್ಟಲು ಬಿಡಲಿಲ್ಲ. ಹನಿಗಳನ್ನು ಗಾಜಿನ ಕಡ್ಡಿಯಿಂದ, ಕೈಗವಸು ಹಾಕಿಕೊಂಡು ನಾನೇ ಬಿಟ್ಟೆ. ಉಳಿದ ಎಣ್ಣೆಯನ್ನು ಚರಂಡಿಗೆ ಸುರಿಯದೆ ಗ್ಯಾರೇಜ್‌ನ ಡ್ರಮ್ಮಿಗೇ ಮರಳಿಸಿದೆವು. ಅದು ಅಪಾಯಕಾರಿ ತ್ಯಾಜ್ಯ ಎಂಬ ವಿಷಯ ಇಲ್ಲಿ ಸಹಜವಾಗಿ ಚರ್ಚೆಗೆ ಬಂತು.

ಯಾವ ಪರೀಕ್ಷೆಗೂ ಸಿಗದ ಒಂದು ಅಂಶ

ಬೆರಳು, ಸಿರಿಂಜ್, ಕಾಗದ ಮೂರೂ ಮುಗಿದ ಮೇಲೂ ಕ್ಯಾಮ್‌ನ ಪ್ರಶ್ನೆ ಉಳಿದಿತ್ತು. ಚಪ್ಪಟೆ ಟ್ಯಾಪೆಟ್ ಇರುವ ಹಳೆಯ ಇಂಜಿನ್‌ನಲ್ಲಿ ಕ್ಯಾಮ್‌ನ ತುದಿಯಲ್ಲಿ ಒತ್ತಡ ಎಷ್ಟೆಂದರೆ ಎಣ್ಣೆಯ ಪದರ ಮಾತ್ರ ಸಾಲದು. ಅಲ್ಲಿ ಲೋಹವನ್ನು ಕಾಯುವುದು ಎಣ್ಣೆಗೆ ಬೆರೆಸಿದ, ಸತು ಮತ್ತು ರಂಜಕ ಇರುವ ಸಂಯುಕ್ತ. ಅದು ಲೋಹದ ಮೇಲ್ಮೈಯಲ್ಲಿ ತೆಳುವಾದ ರಕ್ಷಣಾ ಪದರ ಕಟ್ಟುತ್ತದೆ. ಆದರೆ ರಂಜಕವು ಹೊಸ ಕಾರುಗಳ ಹೊಗೆ ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಅನ್ನು ಹಾಳುಮಾಡುವುದರಿಂದ 5ಡಬ್ಲ್ಯು-30ರಂಥ ತೆಳು ದರ್ಜೆಯ ಹೊಸ ಪೆಟ್ರೋಲ್ ಎಣ್ಣೆಗಳಲ್ಲಿ ಅದಕ್ಕೆ ಶೇ. 0.08ರ ಮಿತಿ ಇದೆ. 20ಡಬ್ಲ್ಯು-50ರಂಥ ಮಂದ ದರ್ಜೆಗೆ ಆ ಮಿತಿ ಅನ್ವಯಿಸುವುದಿಲ್ಲ. ಪದ್ಮಿನಿಯಲ್ಲಿ ಕನ್ವರ್ಟರೇ ಇಲ್ಲ. ಹಾಗಾಗಿ ‘ಹೊಸದು, ದುಬಾರಿ, ಆದ್ದರಿಂದ ಉತ್ತಮ’ ಎಂಬ ತರ್ಕ ಹಳೆಯ ಕಾರಿಗೆ ಹೊಂದುವುದಿಲ್ಲ. ಇದನ್ನು ತಿಳಿಯಲು ಡಬ್ಬಿಯ ಹಿಂಬದಿಯನ್ನೂ ಕಂಪನಿ ಕೊಡುವ ಮಾಹಿತಿಯನ್ನೂ ಓದಬೇಕು. ಪ್ರಯೋಗ ಮುಗಿದಲ್ಲಿ ಓದು ಆರಂಭವಾಗುತ್ತದೆ ಎಂಬುದನ್ನು ಮಕ್ಕಳು ಇಲ್ಲಿ ಕಂಡರು.

ಕೊನೆಗೆ ಗುಂಪುಗಳು ಸೇರಿ ಒಂದು ಕೋಷ್ಟಕ ಮಾಡಿದವು. ಬಿಸಿಯಲ್ಲಿ ಎಷ್ಟು ತೆಳು? ಹರಿವಿನ ಪರೀಕ್ಷೆ. ಪೆಟ್ರೋಲ್, ನೀರು, ಪುಡಿ ಸೇರಿದೆಯೇ? ಬೆರಳು, ಮೂಗು, ಕಣ್ಣು. ಕೊಳೆ ಹಿಡಿದಿಡುವ ಶಕ್ತಿ ಇದೆಯೇ? ಕಾಗದ. ಕ್ಯಾಮ್‌ಗೆ ರಕ್ಷಣೆ ಇದೆಯೇ? ಡಬ್ಬಿಯ ಮಾಹಿತಿ. ಈ ಕೋಷ್ಟಕದ ಪ್ರತಿಯನ್ನು ಮೇಸ್ತ್ರಿಯವರು ಗ್ಯಾರೇಜಿಗೆ ಒಯ್ದರು. ಪದ್ಮಿನಿಗೆ 20ಡಬ್ಲ್ಯು-50 ಬಿತ್ತು. ಇಂಜಿನ್ ಕಾದ ಮೇಲೆ ಐಡ್ಲಿಂಗ್‌ನಲ್ಲಿ ಎಣ್ಣೆ ಒತ್ತಡದ ದೀಪ ಹೊತ್ತುತ್ತದೆಯೇ ಎಂದು ನೋಡುವ ಕೆಲಸವನ್ನು ಹುಡುಗನಿಗೆ ವಹಿಸಿದ್ದರು. ‘ಹತ್ತಲಿಲ್ಲ ಸರ್’ ಎಂದು ಮಾರನೆಯ ವಾರ ಪ್ರಾರ್ಥನೆಯ ಹೊತ್ತಿಗೇ ಬಂದು ಹೇಳಿದ.

ಮೌಲ್ಯಮಾಪನ

ವ್ಯಾಖ್ಯೆ ಕೇಳುವ ಪ್ರಶ್ನೆಗಳ ಬದಲು ಮೂರು ಸನ್ನಿವೇಶ ಕೊಟ್ಟೆ:

1. ಕೂಡ್ಲಿಗಿಯಿಂದ ಲಡಾಖ್‌ಗೆ ಚಳಿಗಾಲದಲ್ಲಿ ಹೊರಟ ಲಾರಿಗೆ ಎಣ್ಣೆಯ ಯಾವ ಅಂಕಿಯನ್ನು ಮೊದಲು ನೋಡಬೇಕು? ಏಕೆ?
2. ಎರಡು ಎಣ್ಣೆ ಬೆರಳಿಗೆ ಒಂದೇ ರೀತಿ ಹತ್ತುತ್ತವೆ. ಅವು ಇಂಜಿನ್‌ನಲ್ಲೂ ಒಂದೇ ರೀತಿ ಇರುತ್ತವೆಯೇ? ಹೇಗೆ ಪರೀಕ್ಷಿಸುವಿರಿ?
3. ಕಾಗದದ ಪರೀಕ್ಷೆಯಲ್ಲಿ ಎಣ್ಣೆ ಚೆನ್ನಾಗಿ ಹರಡಿತು. ಹಾಗಾದರೆ ಅದರಲ್ಲಿ ಲೋಹದ ಪುಡಿ ಇಲ್ಲ ಎಂದು ಹೇಳಬಹುದೇ?

ಮೂರನೇ ಪ್ರಶ್ನೆಗೆ ಒಬ್ಬ ವಿದ್ಯಾರ್ಥಿನಿ ‘ಹೇಳಕ್ಕಾಗಲ್ಲ, ಅದು ಬೇರೆ ಪ್ರಶ್ನೆ’ ಎಂದು ಬರೆದಿದ್ದಳು. ಮೂರನೇ ಕಲಿಕಾ ಫಲ ಸಿದ್ಧಿಸಿದ್ದಕ್ಕೆ ಇದಕ್ಕಿಂತ ಚೊಕ್ಕ ಪುರಾವೆ ನನಗೆ ಬೇಕಿರಲಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸಲಹೆಗಳು

ಹಳೆಯ ಕಾರು ಸಿಗಲೇಬೇಕೆಂದಿಲ್ಲ. ಹಡಗಲಿಯ ಹೊಳೆದಂಡೆಯ ಊರುಗಳಲ್ಲಿ ಡೀಸೆಲ್ ಪಂಪ್‌ಸೆಟ್, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆ ಟ್ರ್ಯಾಕ್ಟರ್, ಕೂಡ್ಲಿಗಿಯ ಹೆದ್ದಾರಿ ಬದಿಯಲ್ಲಿ ಲಾರಿ ಗ್ಯಾರೇಜ್ ಇದ್ದೇ ಇವೆ. ಸಮಸ್ಯೆ ಮಕ್ಕಳಿಂದ ಬರಲಿ. ಪ್ರತಿ ಎಣ್ಣೆ ಅರ್ಧ ಲೀಟರ್ ಇದ್ದರೆ ಸಾಕು, ಸೋಸಿ ಮತ್ತೆ ಬಳಸಬಹುದು. ಒಂದು ಎಣ್ಣೆಗೆ ಬಳಸಿದ ಸಿರಿಂಜನ್ನು ಇನ್ನೊಂದಕ್ಕೆ ಬಳಸುವುದಾದರೆ ಚೆನ್ನಾಗಿ ಒರೆಸಬೇಕು. ಬೇರೆ ಬೇರೆ ಸಿರಿಂಜ್‌ಗಳ ಬಾಯಿ ತುಸು ವ್ಯತ್ಯಾಸವಿರುತ್ತದೆ, ಆದ್ದರಿಂದ ತಣ್ಣನೆಯ ಮತ್ತು ಬಿಸಿ ಅಳತೆಗೆ ಒಂದೇ ಕಂಪನಿಯ ಸಿರಿಂಜ್ ಇಟ್ಟುಕೊಳ್ಳಿ. ಹರಿವು ಮತ್ತು ವಿವರಣೆಗೆ 40 ನಿಮಿಷ ಸಾಲದು. ಜೋಡಿ ಅವಧಿಯನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಒಳಿತು.

ಮುಖ್ಯವಾದ ಮಾತೆಂದರೆ, ಸಮುದಾಯದ ಜ್ಞಾನವನ್ನು ತರಗತಿಗೆ ತರುವಾಗ ಅದನ್ನು ಹೊಗಳುವುದೂ ಅಲ್ಲಗಳೆಯುವುದೂ ಶಿಕ್ಷಕರ ಕೆಲಸವಲ್ಲ. ಅದು ಯಾವ ಪ್ರಶ್ನೆಗೆ ಸರಿಯಾದ ಉತ್ತರ ಎಂಬುದನ್ನು ಮಕ್ಕಳೊಂದಿಗೆ ಹುಡುಕಬೇಕು. ಮೇಸ್ತ್ರಿಯ ಬೆರಳು, ಮಕ್ಕಳ ಸಿರಿಂಜ್, ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರ ಮೂರಕ್ಕೂ ಅವುಗಳದೇ ಜಾಗ ಕೊಟ್ಟರೆ ವಿಜ್ಞಾನದ ವಿಧಾನವನ್ನು ಬೇರೆಯಾಗಿ ಬೋಧಿಸಬೇಕಾಗಿ ಬರುವುದಿಲ್ಲ.